ಆವೃತ್ತಿಗಳ ಜಗಳ

ವಿಜ್ಞಾನಿಯ ಉಪಕರಣಗಳು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸೂಕ್ಷ್ಮದರ್ಶಕ, ದೂರದರ್ಶಕ, ತಕ್ಕಡಿ, ಗಾಜಿನ ನಳಿಗೆ ಮೊದಲಾದ ವಸ್ತುಗಳು. ಈ ಸಾಲಿಗೆ ಕಳೆದ ಕೆಲವು ದಶಕಗಳಲ್ಲಿ ಇನ್ನೊಂದು ಉಪಕರಣ ಬಂದು ಸೇರಿದೆ. ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ; ಕೈಯಲ್ಲಿ ಹಿಡಿದು ನೋಡಲು ಬಾರದು. ಗಣಕಯಂತ್ರಕ್ಕೆ ಕೊಡುವ ಆದೇಶಗಳ ಸರಣಿಯೇ ಅದು. ಅದನ್ನು ತಂತ್ರಾಂಶವೆಂದು ಕರೆಯುತ್ತೇವೆ. 2019ರ ಏಪ್ರಿಲ್ 10ರಂದು ಎಂ 87 ಎಂಬ ಗೆಲಾಕ್ಸಿಯ ನಡುವಿನ ಕಪ್ಪು ಕುಳಿಯ ಚಿತ್ರ ಪ್ರಕಟವಾದಾಗ ಆ ಕಿತ್ತಳೆ ಬಣ್ಣದ ಉಂಗುರವನ್ನು ನೋಡಿ ಬೆರಗಾಗದವರಿರಲಿಲ್ಲ. ಭೂಮಿಯ ಹಲವೆಡೆಗಳಲ್ಲಿ ಹರಡಿಕೊಂಡಿದ್ದ ರೇಡಿಯೋ ದೂರದರ್ಶಕಗಳು ಕೂಡಿಹಾಕಿದ ಸಂಕೇತಗಳನ್ನು ಚಿತ್ರವಾಗಿ ಮೂಡಿಸಿದುದು ಇಂಥ ತಂತ್ರಾಂಶವೇ. ಆ ಕೆಲಸದಲ್ಲಿ ನೆರವಾದ ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್, ಆಸ್ಟ್ರೋಪೈ ಎಂಬ ಪ್ಯಾಕೇಜುಗಳನ್ನು ಯಾರು ಬೇಕಾದರೂ ಹಣ ತೆರದೆ ಪಡೆಯಬಹುದು. ಖಗೋಳಜ್ಞರ ದೂರದರ್ಶಕವನ್ನು ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿ ಮನೆಗೆ ತರಲಾರನು. ಅವರ ತಂತ್ರಾಂಶವನ್ನು ತರಬಲ್ಲನು.

ತರಬಲ್ಲನು ಎಂದೆವು. ಆದರೆ ತಂದು ತನ್ನ ಯಂತ್ರದಲ್ಲಿ ನೆಲೆಗೊಳಿಸುವುದು ಮಾತ್ರ ಎಷ್ಟೋ ಸಲ ಒಂದು ದಿನದ, ಕೆಲವೊಮ್ಮೆ ಒಂದು ವಾರದ ಕೆಲಸವಾಗಿ ಬಿಡುವುದು. ಆದೇಶ ಕೊಟ್ಟು ಕುಳಿತರೆ ಪರದೆಯ ಮೇಲೆ ಕೆಂಪು ಅಕ್ಷರಗಳ ಸಾಲುಗಳು ಹರಿದುಬರುವುವು. ನೀವು ಕೇಳಿದ ಪ್ಯಾಕೇಜುಗಳ ಆವೃತ್ತಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಅವುಗಳ ತಾತ್ಪರ್ಯ. ಸಂಶೋಧನೆಗೆ ಕೈಹಾಕಿದ ಬಹುಮಂದಿ ತರುಣರು ತಮ್ಮ ಮೊದಲ ವರ್ಷದಲ್ಲಿ ಈ ಸಾಲುಗಳನ್ನು ಕಂಡು ಎದೆಗುಂದಿದವರೇ. ಈ ಜಗಳ ಹುಟ್ಟುವ ಬಗೆ ಯಾವುದು, ಅದನ್ನು ಬಿಡಿಸುವ ಕ್ರಮ ಯಾವುದು ಎಂಬುದನ್ನು ಇಲ್ಲಿ ನೋಡೋಣ. ಜಗಳ ಬಿಡಿಸುವ ಆತುರದಲ್ಲಿ ಯಂತ್ರದ ಬಾಯಿ ಮುಚ್ಚಿಸಿದರೆ ಏನಾಗುವುದೆಂಬುದನ್ನೂ ನೋಡಬೇಕಾಗಿದೆ.

ಒಂದರ ಹೆಗಲ ಮೇಲೆ ಇನ್ನೊಂದು

ಇಂದಿನ ವೈಜ್ಞಾನಿಕ ತಂತ್ರಾಂಶದಲ್ಲಿ ದೊಡ್ಡದೊಂದು ಪಾಲು ಪೈಥಾನ್ ಎಂಬ ಗಣಕಭಾಷೆಯಲ್ಲಿದೆ. ಅದರಲ್ಲಿ ಬರೆದ ಹೆಚ್ಚಿನ ಪ್ಯಾಕೇಜುಗಳು ಸ್ವಯಂಪೂರ್ಣವಲ್ಲ. ಸಂಖ್ಯೆಗಳ ಉದ್ದನೆಯ ಸಾಲುಗಳನ್ನೂ ಚೌಕಗಳನ್ನೂ ವೇಗವಾಗಿ ಲೆಕ್ಕಹಾಕುವ ಕೆಲಸ ನಂಪೈಯದು. ಅದಕ್ಕೂ ಹಿಂದೆ ಇದ್ದ ನ್ಯೂಮರಿಕ್ ಮತ್ತು ನಮ್‌ಅರೇ ಎಂಬ ಎರಡು ಪ್ಯಾಕೇಜುಗಳ ಬಳಗಗಳನ್ನು ಒಂದುಗೂಡಿಸಿ ಟ್ರಾವಿಸ್ ಒಲಿಫಂಟ್ ಎಂಬವರು ಅದನ್ನು ಕಟ್ಟಿದರು. 2006ರಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಸಮೀಕರಣಗಳನ್ನು ಬಿಡಿಸುವ ಸೈಪೈ, ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್, ರೇಖಾಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್, ಇವೆಲ್ಲ ನಂಪೈಯ ಹೆಗಲ ಮೇಲೆ ನಿಂತಿವೆ. ನಂಪೈ ತಾನೂ ನೆಲದ ಮೇಲೆ ನಿಂತಿಲ್ಲ. ಅದರ ಕೆಳಗೆ ಬ್ಲಾಸ್ ಎಂಬ ಗಣಿತ ಕ್ರಮಗಳ ಕಂತೆಯಿದೆ. ಆ ಕಂತೆಯ ಮೊದಲ ಭಾಗ ಫೋರ್‌ಟ್ರಾನ್ ಭಾಷೆಯಲ್ಲಿ 1979ರಲ್ಲಿ ಪ್ರಕಟವಾದುದು. ನಂಪೈಯನ್ನು ಇಂದು ಬಳಸುವ ವಿದ್ಯಾರ್ಥಿಯ ತಂದೆ ಆಗಿನ್ನೂ ಶಾಲೆಗೆ ಹೋಗುತ್ತಿದ್ದಿರಬಹುದು.

ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರದಲ್ಲಿ ಐದು ಲಕ್ಷಕ್ಕೂ ಮೀರಿದ ಪ್ಯಾಕೇಜುಗಳಿವೆ. ಅವುಗಳನ್ನು ಬರೆದವರು ಬೇರೆ ಬೇರೆ ದೇಶಗಳವರು, ಒಬ್ಬರನ್ನೊಬ್ಬರು ಕಂಡವರಲ್ಲ, ಅನೇಕರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರು. ಒಬ್ಬರು ತಮ್ಮ ಪ್ಯಾಕೇಜನ್ನು ತಿದ್ದಿದ ದಿನ ಇನ್ನೊಬ್ಬರು ನಿದ್ದೆಯಲ್ಲಿರುತ್ತಾರೆ. ಇಷ್ಟೊಂದು ಅಪರಿಚಿತರ ಕೆಲಸ ಒಂದೇ ಯಂತ್ರದಲ್ಲಿ ಬಂದು ಕೂಡಿಕೊಂಡು ಬಹಳ ದಿನ ಸರಿಯಾಗಿಯೇ ನಡೆಯುತ್ತದೆಂಬುದು ನಮ್ಮ ಮಟ್ಟಿಗೆ ಹೆಚ್ಚಿನ ಆಶ್ಚರ್ಯ.

ಆವೃತ್ತಿ ಎಂಬ ಮಾತು ಪುಸ್ತಕ ಪ್ರಪಂಚದಿಂದ ಬಂದುದಷ್ಟೆ. ಪಠ್ಯಪುಸ್ತಕಕ್ಕೆ ಒಬ್ಬರು ಗೈಡು ಬರೆದಿದ್ದಾರೆ ಎಂದುಕೊಳ್ಳೋಣ. ‘ಸೂತ್ರಕ್ಕಾಗಿ 112ನೆಯ ಪುಟ ನೋಡಿ’ ಎಂದು ಅದರಲ್ಲಿದೆ. ಪಠ್ಯಪುಸ್ತಕದ ಹೊಸ ಆವೃತ್ತಿ ಬಂದು ಸೂತ್ರ 118ನೆಯ ಪುಟಕ್ಕೆ ಸರಿದರೆ ಗೈಡು ಹಿಡಿದ ಹುಡುಗನಿಗೆ 112ನೆಯ ಪುಟದಲ್ಲಿ ಸಿಗುವುದು ಬೇರೇನೋ. ಇಲ್ಲಿ ಪಠ್ಯ ಬರೆದವರದೂ ತಪ್ಪಿಲ್ಲ, ಗೈಡು ಬರೆದವರದೂ ತಪ್ಪಿಲ್ಲ. ಇದಕ್ಕೆ ನಂಪೈಯಲ್ಲಿಯೇ ಒಂದು ಉದಾಹರಣೆಯುಂಟು. ದಶಮಾಂಶ ಸಂಖ್ಯೆಗಳನ್ನು ಕರೆಯಲು ಅದರಲ್ಲಿ ‘ಫ್ಲೋಟ್’ ಎಂಬ ಹೆಸರೊಂದಿತ್ತು. ಈ ಹೆಸರನ್ನು ತೆಗೆಯುತ್ತೇವೆ ಎಂದು 2021ರ ಜನವರಿಯ 1.20 ಆವೃತ್ತಿ ಎಚ್ಚರಿಸಿತು. 2022ರ ಡಿಸೆಂಬರಿನ 1.24 ಆವೃತ್ತಿ ತೆಗೆದೇ ಹಾಕಿತು. ಎಚ್ಚರಿಕೆಯನ್ನು ಓದದಿದ್ದವರ ಕಾರ್ಯಕ್ರಮಗಳೆಲ್ಲ ಆ ಹೆಸರು ಬಂದ ಸಾಲಿನಲ್ಲಿ ನಿಂತುಹೋದುವು.

ಮೂರು ಅಂಕೆಗಳ ಮಾತು

ಪ್ಯಾಕೇಜಿನ ಆವೃತ್ತಿಯನ್ನು ಸಾಮಾನ್ಯವಾಗಿ 1.26.4 ಎಂಬಂತೆ ಮೂರು ಅಂಕೆಗಳಲ್ಲಿ ಬರೆಯುತ್ತಾರೆ. ಕೊನೆಯ ಅಂಕೆ ಏರಿದರೆ ಬರಿಯ ತಪ್ಪು ತಿದ್ದುಪಡಿ. ನಡುವಿನದು ಏರಿದರೆ ಹೊಸ ಸೌಕರ್ಯಗಳ ಸೇರ್ಪಡೆ. ಮೊದಲನೆಯದು ಏರಿದರೆ ಹಳೆಯ ಕಾರ್ಯಕ್ರಮಗಳು ನಡೆಯದೆ ಹೋಗಬಹುದೆಂಬ ಸೂಚನೆ. ಬಹುಮಂದಿ ಒಪ್ಪಿಕೊಂಡಿರುವ ರೂಢಿ ಇದು. ರೂಢಿಯೇ ಹೊರತು ಕಾನೂನಲ್ಲ. ಮೇಲೆ ಹೇಳಿದ ‘ಫ್ಲೋಟ್’ ಮಾಯವಾದುದು ನಡುವಿನ ಅಂಕೆ ಏರಿದಾಗ ಎಂಬುದನ್ನು ವಾಚಕರು ಗಮನಿಸಿರಬಹುದು. ಎಚ್ಚರಿಕೆ ಕೊಟ್ಟು, ಕೆಲಕಾಲ ಕಾದು, ಆಮೇಲೆ ತೆಗೆಯುವುದು ನಂಪೈಯವರ ಕ್ರಮ.

ಇನ್ನೊಂದು ಮಾತು. ಈ ಬಿಂದುಗಳು ದಶಮಾಂಶ ಬಿಂದುಗಳಲ್ಲ. 1.9ರ ಬಳಿಕ ಬರುವುದು 1.10, ಅದು 1.1ಕ್ಕೆ ಸಮವಲ್ಲ. 2021ರ ಅಕ್ಟೋಬರಿನಲ್ಲಿ ಪೈಥಾನ್ ಭಾಷೆಯ 3.10 ಆವೃತ್ತಿ ಬಂದಾಗ, ಅದನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದಿಟ್ಟ ಕಡತಗಳನ್ನು ಕೆಲವು ಯಂತ್ರಗಳು 3.1 ಎಂದು ಓದಿಕೊಂಡು ಬಹಳ ಹಿಂದಿನ ಪೈಥಾನನ್ನು ಹುಡುಕಹೊರಟುವು. ಗಣಿತವನ್ನೇ ಕಸುಬಾಗಿ ಮಾಡಿಕೊಂಡ ಯಂತ್ರಕ್ಕೆ ಹೀಗಾದುದು ತಮಾಷೆಯೇ ಸರಿ.

ಪ್ರತಿಯೊಂದು ಪ್ಯಾಕೇಜೂ ತನಗೆ ಬೇಕಾದುವುಗಳ ಪಟ್ಟಿಯೊಂದನ್ನು ಜೊತೆಗೇ ಹೊತ್ತು ತರುತ್ತದೆ: ನನಗೆ ನಂಪೈ ಬೇಕು, ಅದು 1.26 ಅಥವಾ ಅದಕ್ಕೆ ಮೇಲಿನದಾಗಿರಲಿ, 2.0ಕ್ಕೆ ಕೆಳಗಿನದಾಗಿರಲಿ, ಎಂದು ಮುಂತಾಗಿ. ಒಂದು ಪರಿಸರದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಬಹುದು. ಎರಡು ಪ್ಯಾಕೇಜುಗಳ ಪಟ್ಟಿಗಳು ಒಂದೇ ಆವೃತ್ತಿಯಲ್ಲಿ ಕೂಡದಿದ್ದರೆ ಜಗಳ.

ಒಂದು ನಿಜವಾದ ಜಗಳ

ಗಿಡದ ಎಲೆಗಳ ಛಾಯಾಚಿತ್ರ ನೋಡಿ ರೋಗವನ್ನು ಗುರುತಿಸುವ ಕಾರ್ಯಕ್ರಮವೊಂದನ್ನು ಸಂಶೋಧನ ವಿದ್ಯಾರ್ಥಿನಿಯೊಬ್ಬಳು ರಚಿಸಿದ್ದಾಳೆಂದು ಊಹಿಸೋಣ. ಯಂತ್ರಕ್ಕೆ ಕಲಿಸುವ ಕೆಲಸಕ್ಕೆ ಅವಳು ಟೆನ್ಸರ್‌ಫ್ಲೋ 2.17ನ್ನು ಬಳಸಿದ್ದಳು, ಪ್ರಬಂಧದಲ್ಲಿ ಕೊಟ್ಟ ಫಲಿತಾಂಶಗಳೆಲ್ಲ ಅದರಿಂದ ಬಂದುವು. ಈಗ ಹೊಸ ಯಂತ್ರದಲ್ಲಿ ಅದನ್ನೇ ಮತ್ತೆ ನಡೆಸಬೇಕಾಗಿದೆ. ಚಿತ್ರಗಳನ್ನು ಓದಿ ಕತ್ತರಿಸಲು ಓಪನ್‌ಸಿವಿ ಎಂಬ ಪ್ಯಾಕೇಜು ಬೇಕು. ಹೊಸದೇ ಇರಲಿ ಎಂದು ಅದರ 4.12 ಆವೃತ್ತಿಯನ್ನು ಕೇಳುತ್ತಾಳೆ. ಪಿಪ್ ಎಂಬುದು ಪೈಥಾನಿನ ಪ್ಯಾಕೇಜುಗಳನ್ನು ತಂದು ಜೋಡಿಸುವ ಸಾಧನ. ಅದು ನಿರಾಕರಿಸುತ್ತದೆ. ಟೆನ್ಸರ್‌ಫ್ಲೋ 2.17 ಕೇಳುವುದು 2.0ಕ್ಕಿಂತ ಕೆಳಗಿನ ನಂಪೈಯನ್ನು; ಓಪನ್‌ಸಿವಿ 4.12 ಕೇಳುವುದು 2 ಅಥವಾ ಅದಕ್ಕೆ ಮೇಲಿನದನ್ನು, 2.3ಕ್ಕೆ ಕೆಳಗಿನದನ್ನು. ಎರಡಕ್ಕೂ ಒಪ್ಪುವ ನಂಪೈ ಇಲ್ಲ, ಇರುವುದೂ ಸಾಧ್ಯವಿಲ್ಲ.

ಜಗಳವಾಡುತ್ತಿರುವುವು ಟೆನ್ಸರ್‌ಫ್ಲೋ ಮತ್ತು ಓಪನ್‌ಸಿವಿ. ಆದರೆ ಒಂದಕ್ಕೆ ಇನ್ನೊಂದರ ಮೇಲೆ ಯಾವ ದೂರೂ ಇಲ್ಲ. ದೂರು ಇರುವುದು ಅವಳು ಹೆಸರನ್ನೇ ಎತ್ತದಿದ್ದ ಮೂರನೆಯ ಪ್ಯಾಕೇಜಿನ ವಿಷಯದಲ್ಲಿ. ಆವೃತ್ತಿಗಳ ಜಗಳವೆಲ್ಲ ಬಹುಮಟ್ಟಿಗೆ ಹೀಗೆಯೇ. ಆದುದರಿಂದ ದೋಷ ಸೂಚನೆಯನ್ನು ಓದುವಾಗ ಮೊದಲು ಹುಡುಕಬೇಕಾದುದು ಎರಡು ಸಾಲುಗಳಲ್ಲಿಯೂ ಬಂದಿರುವ ಹೆಸರು ಯಾವುದು ಎಂಬುದನ್ನು. ಸೂಚನೆ ಎಷ್ಟೇ ಉದ್ದವಾಗಿರಲಿ, ಆ ಹೆಸರು ಸಿಕ್ಕಿದರೆ ಅರ್ಧ ಕೆಲಸವಾದಂತೆ.

ಅವಳಿಗೆ ಈಗ ಎರಡು ದಾರಿಗಳಿವೆ. ಓಪನ್‌ಸಿವಿಯನ್ನು ಒಂದು ಮೆಟ್ಟಿಲು ಇಳಿಸಿ 4.11ನ್ನು ಕೇಳಬಹುದು, ಅದು ಹಳೆಯ ನಂಪೈಯನ್ನೂ ಒಪ್ಪುತ್ತದೆ. ಇಲ್ಲವೆ ಟೆನ್ಸರ್‌ಫ್ಲೋವನ್ನು 2024ರ ಅಕ್ಟೋಬರಿನಲ್ಲಿ ಬಂದ 2.18ಕ್ಕೆ ಏರಿಸಬಹುದು, ಅದು ನಂಪೈ 2.0ನ್ನು ಒಪ್ಪುತ್ತದೆ. ಎರಡು ದಾರಿಗಳಲ್ಲಿಯೂ ಯಂತ್ರ ಸುಮ್ಮನಾಗುವುದು. ಆದರೆ ಅವೆರಡೂ ಸಮವಲ್ಲ. ಫಲಿತಾಂಶಗಳು ಹುಟ್ಟಿದುದು ಟೆನ್ಸರ್‌ಫ್ಲೋ 2.17ರಲ್ಲಿ, ಓಪನ್‌ಸಿವಿಯ ಪಾಲು ಬರಿಯ ಕತ್ತರಿಸುವ ಕೆಲಸ. ಆದಕಾರಣ ಇಳಿಯಬೇಕಾದುದು ಓಪನ್‌ಸಿವಿ. ಯಾವುದನ್ನು ಅಲುಗಿಸಬೇಕು, ಯಾವುದನ್ನು ಅಲುಗಿಸಬಾರದು ಎಂಬ ಈ ತೀರ್ಮಾನ ಯಂತ್ರದ್ದಲ್ಲ, ವಿಜ್ಞಾನಿಯದು. ಹೊಸ ಆವೃತ್ತಿಯೇ ಯಾವಾಗಲೂ ಮೇಲು ಎಂಬ ಭಾವನೆ ಅಂಗಡಿಯ ಸಾಮಾನಿಗೆ ಒಪ್ಪಬಹುದು. ನಡುವೆ ನಿಂತಿರುವ ಪ್ರಯೋಗಕ್ಕೆ ಒಪ್ಪುವುದಿಲ್ಲ.

ಇಲ್ಲಿ ಒಂದು ಮೋಸವುಂಟು. ಎರಡು ಪ್ಯಾಕೇಜುಗಳನ್ನೂ ಒಂದೇ ಆದೇಶದಲ್ಲಿ ಕೇಳಿದುದರಿಂದ ಪಿಪ್ ಮೊದಲೇ ತಡೆಯಿತು. ಅದರ ಬದಲು ಮೊದಲು ಟೆನ್ಸರ್‌ಫ್ಲೋ, ಮಾರನೆಯ ದಿನ ಓಪನ್‌ಸಿವಿ ಎಂದು ಬಿಡಿಬಿಡಿಯಾಗಿ ಕೇಳಿದ್ದರೆ? ಪಿಪ್ ಎರಡನೆಯ ದಿನ ಓಪನ್‌ಸಿವಿಯ ಬೇಡಿಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ನಂಪೈಯನ್ನು 2.2ಕ್ಕೆ ಏರಿಸಿ ಬಿಡುತ್ತದೆ. ‘ಟೆನ್ಸರ್‌ಫ್ಲೋಗೆ ಇದು ಹೊಂದುವುದಿಲ್ಲ’ ಎಂದು ಒಂದು ಸಾಲು ಬರೆದು, ಅದರ ಕೆಳಗೆಯೇ ‘ಯಶಸ್ವಿಯಾಗಿ ಸ್ಥಾಪಿಸಲಾಯಿತು’ ಎಂದು ಇನ್ನೊಂದು ಸಾಲು ಬರೆಯುತ್ತದೆ. ಕೊನೆಯ ಸಾಲನ್ನಷ್ಟೇ ಓದಿ ಸಂತೋಷಪಟ್ಟವರು ಹಲವರು. ಬೇಕಾದುದೆಲ್ಲವನ್ನೂ ಒಂದೇ ಆದೇಶದಲ್ಲಿ ಹೇಳಿಬಿಡುವುದು ಕ್ಷೇಮ.

ಪಂಕ್ತಿಯ ಲೆಕ್ಕ

ಆವೃತ್ತಿಯನ್ನು ಹೇಳದೆ ಪ್ಯಾಕೇಜಿನ ಹೆಸರನ್ನಷ್ಟೇ ಕೊಟ್ಟರೆ ಒಪ್ಪುವ ಜೋಡಣೆಯನ್ನು ಪಿಪ್ ತಾನೇ ಹುಡುಕುವುದು. ಈ ಹುಡುಕಾಟ ಕೆಲವು ವೇಳೆ ನಿಮಿಷಗಟ್ಟಲೆ, ಗಂಟೆಗಟ್ಟಲೆ ಸಾಗುವುದುಂಟು. ಮದುವೆಯ ಮನೆಯಲ್ಲಿ ಊಟದ ಪಂಕ್ತಿ ಹಾಕಿಸಿದವರಿಗೆ ಇದರ ಕಷ್ಟ ತಿಳಿದೀತು. ಇವರು ಅವರ ಪಕ್ಕದಲ್ಲಿ ಕೂಡುವುದಿಲ್ಲ. ಅವರು ಬಂದರೆ ಮಾತ್ರ ಇನ್ನೊಬ್ಬರು ಬರುವರು. ಹಿರಿಯರನ್ನು ಎಬ್ಬಿಸಿದರೆ ಇಡೀ ಸಾಲು ಕದಲುವುದು. ಹತ್ತು ಪ್ಯಾಕೇಜುಗಳಿದ್ದು ಒಂದೊಂದಕ್ಕೂ ಹತ್ತು ಆವೃತ್ತಿಗಳಿದ್ದರೆ ಆಗುವ ಜೋಡಣೆಗಳು ಸಾವಿರ ಕೋಟಿ. ಗಣಕವಿಜ್ಞಾನದಲ್ಲಿ ಈ ಬಗೆಯ ಒಗಟುಗಳಿಗೆ ಎನ್‌ಪಿ-ಕಂಪ್ಲೀಟ್ ಎಂಬ ಹೆಸರಿದೆ. ಸ್ಟೀಫನ್ ಕುಕ್ 1971ರಲ್ಲಿ ಈ ವರ್ಗವನ್ನು ಬೆಳಕಿಗೆ ತಂದರು. ಇವುಗಳಿಗೆ ಎಲ್ಲ ಸಂದರ್ಭಗಳಲ್ಲಿಯೂ ಶೀಘ್ರವಾಗಿ ಉತ್ತರ ಕೊಡುವ ಕ್ರಮ ಇದುವರೆಗೆ ಯಾರಿಗೂ ದೊರೆತಿಲ್ಲ. 2020ರ ನವೆಂಬರಿನ ಕೊನೆಯವರೆಗೆ ಪಿಪ್ ಈ ಒಗಟನ್ನು ಸರಿಯಾಗಿ ಬಿಡಿಸಲು ಯತ್ನಿಸುತ್ತಲೇ ಇರಲಿಲ್ಲ. ಮೊದಲು ಕಿವಿಗೆ ಬಿದ್ದ ಬೇಡಿಕೆಯನ್ನೇ ಹಿಡಿದುಕೊಳ್ಳುತ್ತಿತ್ತು. ಅಂದು ಬಂದ 20.3 ಆವೃತ್ತಿಯಿಂದ ಅದು ಹಿಂದೆ ಮುಂದೆ ಸರಿದು ಹುಡುಕುವುದನ್ನು ಕಲಿತಿದೆ. ಅಲ್ಲಿಯವರೆಗೆ ಅಡಗಿದ್ದ ಜಗಳಗಳೆಲ್ಲ ಆಗ ಹೊರಬಿದ್ದು, ಪಿಪ್ ಕೆಟ್ಟಿತು ಎಂದು ದೂರಿದವರೂ ಇದ್ದರು.

ಕಾಂಡಾ ಎಂಬ ಇನ್ನೊಂದು ಸಾಧನ 2012ರಿಂದ ಬಳಕೆಯಲ್ಲಿದೆ. ಪೈಥಾನ್ ಅಲ್ಲದ ಸಿ, ಫೋರ್‌ಟ್ರಾನ್ ಕಂತೆಗಳನ್ನೂ ಅದು ನೋಡಿಕೊಳ್ಳುವುದರಿಂದ ವಿಜ್ಞಾನಿಗಳಲ್ಲಿ ಅದಕ್ಕೆ ಮನ್ನಣೆ. ಹುಡುಕಾಟದಲ್ಲಿ ಅದು ಬಹಳ ನಿಧಾನವೆಂಬ ಅಪವಾದವಿತ್ತು; 2023ರಲ್ಲಿ ಬಂದ 23.10 ಆವೃತ್ತಿ ಹೊಸ ಹುಡುಕು ವಿಧಾನವನ್ನು ಅಳವಡಿಸಿಕೊಂಡು ಚುರುಕಾಯಿತು.

ಹಳಿಯ ಅಗಲ

ಇಷ್ಟು ಹೊತ್ತು ಹೇಳಿದುದು ಸ್ಥಾಪಿಸುವಾಗಲೇ ಕಾಣಿಸುವ ಜಗಳ. ಸ್ಥಾಪನೆ ಸಲೀಸಾಗಿ ಮುಗಿದು, ನಡೆಸಹೋದಾಗ ಮುಗ್ಗರಿಸುವ ಬಗೆ ಇನ್ನೊಂದಿದೆ.

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಎರಡು ಅಗಲದ ರೈಲು ಹಳಿಗಳು ಬಂದು ಸೇರುತ್ತಿದ್ದುವು. ಮದರಾಸಿನ ಕಡೆಯದು 1,676 ಮಿಲಿಮೀಟರಿನ ಬ್ರಾಡ್ ಗೇಜ್. ಮೈಸೂರಿನ ಕಡೆಯದು 1,000 ಮಿಲಿಮೀಟರಿನ ಮೀಟರ್ ಗೇಜ್. ಎರಡೂ ರೈಲೇ, ಎರಡರ ಟಿಕೆಟ್ಟೂ ಒಂದೇ ಬಗೆಯದು. ಆದರೆ ಒಂದರ ಬೋಗಿ ಇನ್ನೊಂದರ ಹಳಿಯ ಮೇಲೆ ನಿಲ್ಲಲಾರದು. ವೇಗದ ಸಲುವಾಗಿ ಸಿ ಭಾಷೆಯಲ್ಲಿ ಬರೆದು ಯಂತ್ರಭಾಷೆಗೆ ಇಳಿಸಿಟ್ಟ ಪ್ಯಾಕೇಜುಗಳ ಸ್ಥಿತಿಯೂ ಇದೇ. ನಂಪೈಯ ವಸ್ತುವೊಂದು ಸ್ಮೃತಿಯಲ್ಲಿ ಎಷ್ಟು ಬೈಟುಗಳ ಜಾಗ ಹಿಡಿಯುತ್ತದೆ, ಯಾವ ಭಾಗ ಎಲ್ಲಿದೆ ಎಂಬುದನ್ನು ಅವು ಇಳಿಸುವ ದಿನವೇ ಅಳತೆ ಮಾಡಿ ಗಟ್ಟಿಮಾಡಿಕೊಂಡಿರುತ್ತವೆ. ಆಮೇಲೆ ನಂಪೈಯ ಅಳತೆ ಬದಲಾದರೆ ಹೆಸರುಗಳೆಲ್ಲ ಹಾಗೆಯೇ ಇದ್ದರೂ ಚಕ್ರ ಹಳಿಗೆ ಕೂಡುವುದಿಲ್ಲ. ‘96 ಬೈಟುಗಳನ್ನು ನಿರೀಕ್ಷಿಸಿದೆ, 88 ದೊರಕಿತು’ ಎಂಬ ಅರ್ಥದ ಸೂಚನೆ ಬಹುಮಂದಿಗೆ ಪರಿಚಿತವಾದುದು. ಅದರ ಅರ್ಥ ಬೋಗಿ ಬೇರೆ ಹಳಿಯದು ಎಂದೇ.

2024ರ ಜೂನ್ 16ರಂದು ನಂಪೈ 2.0 ಬಂದಾಗ ಆದುದು ಇದು. ಹದಿನೆಂಟು ವರ್ಷಗಳಲ್ಲಿ ಸೇರಿಕೊಂಡಿದ್ದ ಗೋಜಲನ್ನು ತೆಗೆಯಲು ನಂಪೈಯವರು ಹಳಿಯನ್ನೇ ಬದಲಿಸಿದರು. ನೂರರಷ್ಟು ಹೆಸರುಗಳನ್ನು ಕೈಬಿಟ್ಟರು, ಇಲ್ಲವೆ ಬೇರೆಡೆಗೆ ಸರಿಸಿದರು. ಅವರು ಅದನ್ನು ಎಚ್ಚರಿಕೆಯಿಂದಲೇ ಮಾಡಿದರೆನ್ನಬೇಕು. ಹೊಸ ನಂಪೈಗಾಗಿ ಇಳಿಸಿದ ಪ್ಯಾಕೇಜು ಹಳೆಯ ನಂಪೈಯ ಮೇಲೂ ನಡೆಯುವಂತೆ ಅವರು ಏರ್ಪಾಡು ಮಾಡಿದ್ದರು. ಇಲ್ಲಿ ನಮ್ಮ ರೈಲಿನ ಹೋಲಿಕೆ ಕೈಕೊಡುತ್ತದೆ. ಎರಡು ಹಳಿಗಳ ಮೇಲೂ ಓಡುವ ಬೋಗಿ ಬೆಂಗಳೂರಿನಲ್ಲಿ ಇರಲಿಲ್ಲ. ಆದರೂ ಹಳೆಯ ಬೋಗಿಗಳು ಲೆಕ್ಕವಿಲ್ಲದಷ್ಟು ಉಳಿದಿದ್ದುವು. ಅವುಗಳಲ್ಲಿ ಹಲವು ತಮ್ಮ ಪಟ್ಟಿಯಲ್ಲಿ ‘ನಂಪೈ 1.20 ಅಥವಾ ಮೇಲಿನದು’ ಎಂದಷ್ಟೇ ಬರೆದುಕೊಂಡಿದ್ದುವು, 2.0ಕ್ಕೆ ಕೆಳಗಿರಲಿ ಎಂದು ಬರೆದಿರಲಿಲ್ಲ. ಪಿಪ್ ಓದುವುದು ಪಟ್ಟಿಯನ್ನು ಮಾತ್ರ. ಪಟ್ಟಿಯ ಪ್ರಕಾರ ಎಲ್ಲವೂ ಸರಿಯಾದುದರಿಂದ ಅದು 2.0ನ್ನೇ ತಂದಿಟ್ಟಿತು.

ಹಾಗಾದರೆ ಪ್ರತಿಯೊಬ್ಬರೂ ಮೇಲಿನ ಮಿತಿಯನ್ನು ಬರೆದಿಡಬಾರದೇಕೆ ಎಂದು ಕೇಳಬಹುದು. ಬರೆದರೆ ಟೆನ್ಸರ್‌ಫ್ಲೋ ಮತ್ತು ಓಪನ್‌ಸಿವಿಯಂಥ ಜಗಳಗಳು ನೂರ್ಮಡಿಯಾಗುವುವು. ಬರೆಯದಿದ್ದರೆ ಬೋಗಿ ಹಳಿ ತಪ್ಪುವುದು. ಪ್ಯಾಕೇಜು ಬರೆಯುವವರಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಸಿ ಭಾಷೆಯ ಭಾಗಗಳಿರುವ ಪ್ಯಾಕೇಜು ಮಿತಿಯನ್ನು ಬರೆಯಲಿ, ಉಳಿದವರು ಬಿಡಲಿ ಎಂಬುದು ನಮಗೆ ಸರಿತೋರುವ ಪಕ್ಷ.

ಸದ್ದಿಲ್ಲದ ತಪ್ಪು

ಮೂರನೆಯ ಬಗೆಯೊಂದಿದೆ. ಅದರಲ್ಲಿ ಸ್ಥಾಪನೆಯೂ ಸಲೀಸು, ನಡೆಯುವುದೂ ಸಲೀಸು; ಉತ್ತರ ಮಾತ್ರ ಬೇರೆ.

ಗಣಕಯಂತ್ರ ದಶಮಾಂಶ ಸಂಖ್ಯೆಗಳನ್ನು ಹಿಡಿದಿಡುವ ಎರಡು ಪಾತ್ರೆಗಳಿವೆ ಎನ್ನೋಣ. 32 ಬಿಟ್ಟಿನ ಸಣ್ಣ ಪಾತ್ರೆಯಲ್ಲಿ ಸುಮಾರು ಏಳು ಅಂಕೆಗಳಷ್ಟು ನಿಖರತೆ. 64 ಬಿಟ್ಟಿನ ದೊಡ್ಡದರಲ್ಲಿ ಹದಿನೈದಕ್ಕೂ ಮೇಲೆ. ಸಣ್ಣ ಪಾತ್ರೆಯಲ್ಲಿರುವ ಒಂದು ಬಿಡಿ ಸಂಖ್ಯೆಗೆ ಪೈಥಾನಿನ ಸಾಧಾರಣ ಸಂಖ್ಯೆಯೊಂದನ್ನು ಕೂಡಿಸಿದರೆ ಹಳೆಯ ನಂಪೈ ಉತ್ತರವನ್ನು ದೊಡ್ಡ ಪಾತ್ರೆಗೆ ಸುರಿಯುತ್ತಿತ್ತು. 2.0 ಆವೃತ್ತಿ ಈ ನಿಯಮವನ್ನು ಬದಲಿಸಿತು. ಉತ್ತರ ಈಗ ಸಣ್ಣ ಪಾತ್ರೆಯಲ್ಲಿಯೇ ಉಳಿಯುವುದು. ಸಣ್ಣ ಪಾತ್ರೆಯಲ್ಲಿ 1,67,77,216 ಎಂಬ ಸಂಖ್ಯೆಯನ್ನಿಟ್ಟು ಅದಕ್ಕೆ 1.0 ಕೂಡಿಸಿ ನೋಡಿರಿ. ಹಳೆಯ ನಂಪೈ 1,67,77,217 ಎನ್ನುವುದು. ಹೊಸ ನಂಪೈ 1,67,77,216 ಎನ್ನುವುದು. ಒಂದು ಎಲ್ಲಿಗೆ ಹೋಯಿತು? ಎರಡರ ಇಪ್ಪತ್ತನಾಲ್ಕನೆಯ ಘಾತವನ್ನು ದಾಟಿದ ಮೇಲೆ ಸಣ್ಣ ಪಾತ್ರೆಗೆ ಬೆಸಸಂಖ್ಯೆಗಳನ್ನು ಹಿಡಿಯುವ ಶಕ್ತಿಯಿಲ್ಲ. ಹೊಸ ನಿಯಮ ಹಳೆಯದಕ್ಕಿಂತ ಸರಳವಾದುದು, ಅದನ್ನು ತಂದುದಕ್ಕೆ ಒಳ್ಳೆಯ ಕಾರಣಗಳೂ ಇವೆ. ಪ್ರಕಟಣೆಯಲ್ಲಿ ಅದನ್ನು ಸ್ಪಷ್ಟವಾಗಿ ಸಾರಿಯೂ ಇದ್ದಾರೆ. ಆದರೆ ಓದದೆ ಏರಿಸಿದವರಿಗೆ ಅದರ ಸುಳಿವೇ ಹತ್ತದು.

ಈಗ ಜಗಳ ಬಿಡಿಸುವ ಆತುರದ ಮಾತಿಗೆ ಬರೋಣ. ಅವಲಂಬನೆಗಳನ್ನು ನೋಡಬೇಡ, ಹೇಳಿದುದನ್ನಷ್ಟೇ ಸ್ಥಾಪಿಸು ಎಂದು ಪಿಪ್‌ಗೆ ಗದರುವ ಸೌಕರ್ಯವೊಂದಿದೆ. ಬೇಸತ್ತವರು ಅದನ್ನು ಬಳಸುತ್ತಾರೆ. ಕೆಂಪು ಸಾಲುಗಳು ನಿಲ್ಲುತ್ತವೆ. ನಿಂತುದು ಸೂಚನೆ ಮಾತ್ರ. ಕೆಂಪು ಸಾಲು ಬಂದಾಗ ಕೆಟ್ಟುದು ನಮ್ಮ ಒಂದು ದಿನ. ಅದನ್ನು ಅಡಗಿಸಿದ ಮೇಲೆ ಕೆಡುವುದು ಪ್ರಬಂಧದ ಕೋಷ್ಟಕವಾದೀತು, ಅದನ್ನು ನಂಬಿ ಮುಂದೆ ಲೆಕ್ಕಹಾಕಿದವರ ಕೋಷ್ಟಕವೂ ಆದೀತು.

ಬಿಡಿಸುವ ಕ್ರಮ

ಅನುಭವಸ್ಥರು ಮೊದಲು ಕೇಳುವ ಪ್ರಶ್ನೆ ಪ್ಯಾಕೇಜಿನ ವಿಷಯದ್ದಲ್ಲ, ಪೈಥಾನಿನದು. ಒಂದೇ ಯಂತ್ರದಲ್ಲಿ ಎರಡು ಮೂರು ಪೈಥಾನುಗಳಿರುವುದು ಸಾಮಾನ್ಯ; ಪಿಪ್ ಒಂದಕ್ಕೆ ತಂದಿಟ್ಟುದನ್ನು ನಾವು ಇನ್ನೊಂದರಲ್ಲಿ ಹುಡುಕುತ್ತಿರಬಹುದು. ನಾವು ನಡೆಸಲಿರುವ ಪೈಥಾನಿನ ಮೂಲಕವೇ ಪಿಪ್ಪನ್ನು ಕರೆದರೆ ಈ ಗೊಂದಲವಿಲ್ಲ. ಪೈಥಾನಿನ ಆವೃತ್ತಿಯನ್ನೂ ನೋಡಬೇಕು. ಟೆನ್ಸರ್‌ಫ್ಲೋ 2.17 ಪೈಥಾನ್ 3.12ರವರೆಗೆ ಮಾತ್ರ ದೊರೆಯುವುದು, 3.13 ಇರುವವರಿಗೆ ಅಂಥ ಪ್ಯಾಕೇಜೇ ಇಲ್ಲವೆಂಬ ಉತ್ತರ ಬರುವುದು. ನಂಪೈ 1.26ರ ಸಿದ್ಧ ಪ್ರತಿಯೂ 3.13ಕ್ಕೆ ಇಲ್ಲ. ಅದನ್ನು ಕೇಳಿದರೆ ಪಿಪ್ ಮೂಲ ಬರಹವನ್ನೇ ತಂದು ಯಂತ್ರಭಾಷೆಗೆ ಇಳಿಸಲು ಹೊರಟು, ಸಿ ಭಾಷೆಯ ಸಲಕರಣೆಗಳಿಲ್ಲವೆಂದು ಪುಟಗಟ್ಟಲೆ ಗೋಳಾಡುವುದು. ಅದನ್ನು ಓದಿದವರು ಸಿ ಸಲಕರಣೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನಿಜವಾದ ಕಾರಣ ಪೈಥಾನ್ ಒಂದು ಮೆಟ್ಟಿಲು ಮುಂದಿರುವುದು.

ಎರಡನೆಯದಾಗಿ, ಕೆಟ್ಟ ಪರಿಸರವನ್ನು ತೇಪೆ ಹಾಕಿ ಸರಿಪಡಿಸುವುದಕ್ಕಿಂತ ಹೊಸದೊಂದನ್ನು ಕಟ್ಟುವುದು ಸುಲಭ. ಪರಿಸರವೆಂದರೆ ಒಂದು ಪೈಥಾನೂ ಅದರ ಪ್ಯಾಕೇಜುಗಳೂ ಇರುವ ಪ್ರತ್ಯೇಕ ಕೋಣೆ. 2012ರ ಪೈಥಾನ್ 3.3ರಿಂದ ಈ ಸೌಕರ್ಯ ಭಾಷೆಯ ಜೊತೆಗೇ ಬರುತ್ತಿದೆ. ಪ್ರತಿಯೊಂದು ಸಂಶೋಧನೆಗೂ ಒಂದೊಂದು ಕೋಣೆ ಮಾಡಿಕೊಂಡರೆ ಒಂದರ ಜಗಳ ಇನ್ನೊಂದಕ್ಕೆ ಹರಡದು. ಹೊಸ ಕೋಣೆಯಲ್ಲಿ, ಅಲುಗಿಸಬಾರದ ಪ್ಯಾಕೇಜಿಗೆ ಮಾತ್ರ ಆವೃತ್ತಿಯನ್ನು ಕಟ್ಟುಮಾಡಿ ಉಳಿದುವನ್ನು ಬಿಡಿಯಾಗಿ ಬಿಟ್ಟು ಕೇಳಿದರೆ, ನಮ್ಮ ವಿದ್ಯಾರ್ಥಿನಿಯ ಓಪನ್‌ಸಿವಿ 4.11ನ್ನು ಪಿಪ್ ತಾನೇ ಕಂಡುಕೊಳ್ಳುತ್ತದೆ. ಕಾಂಡಾ ಮತ್ತು ಪಿಪ್ ಎರಡನ್ನೂ ಬಳಸುವವರು ಕಾಂಡಾದ ಕೆಲಸವನ್ನೆಲ್ಲ ಮುಗಿಸಿ ಕೊನೆಗೆ ಪಿಪ್‌ಗೆ ಕೈಹಾಕಬೇಕು. ಒಂದು ಇಟ್ಟುದರ ಮೇಲೆ ಇನ್ನೊಂದು ಇಟ್ಟರೆ ಎರಡಕ್ಕೂ ಲೆಕ್ಕ ತಪ್ಪುವುದು.

ಎಲ್ಲವೂ ಹೊಂದಿಕೊಂಡ ದಿನ, ಇರುವ ಪ್ಯಾಕೇಜುಗಳನ್ನೂ ಅವುಗಳ ಪೂರ್ಣ ಆವೃತ್ತಿಗಳನ್ನೂ ಒಂದು ಕಡತದಲ್ಲಿ ಬರೆಸಿಟ್ಟುಕೊಳ್ಳುವುದು ಮುಖ್ಯ. ಇದಕ್ಕೆ ಒಂದೇ ಆದೇಶ ಸಾಕು. ಅದನ್ನು ಪ್ರಬಂಧದ ಜೊತೆಯಲ್ಲಿಯೇ ಇಡುವ ಪದ್ಧತಿ ನಿಧಾನವಾಗಿ ಬೆಳೆಯುತ್ತಿದೆ. ಫ್ರಾನ್ಸಿನಲ್ಲಿರುವ ಕೊನ್ರಾಡ್ ಹಿನ್ಸೆನ್ ಮತ್ತು ನಿಕೊಲಾ ರೂಜಿಯೆ ಎಂಬ ವಿಜ್ಞಾನಿಗಳು 2019ರಲ್ಲಿ ಒಂದು ಪಂಥಾಹ್ವಾನ ಹೊರಡಿಸಿದರು: ಹತ್ತು ವರ್ಷಗಳಿಗೂ ಹಿಂದೆ ಪ್ರಕಟವಾದ ನಿಮ್ಮ ಪ್ರಬಂಧದ ಕಾರ್ಯಕ್ರಮವನ್ನು ಇಂದು ನಡೆಸಿ ಅದೇ ಉತ್ತರ ಪಡೆಯಬಲ್ಲಿರಾ? ರೂಜಿಯೆ ತಾವು ಹದಿನಾರನೆಯ ವಯಸ್ಸಿನಲ್ಲಿ ಆಪಲ್ 2 ಯಂತ್ರಕ್ಕಾಗಿ ಬರೆದು ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದ, ಚಿತ್ರವನ್ನು ಹಿಗ್ಗಿಸಿ ತೋರಿಸುವ ಕಾರ್ಯಕ್ರಮವನ್ನು ಮೂವತ್ತೆರಡು ವರ್ಷಗಳ ಬಳಿಕ ಮತ್ತೆ ನಡೆಸಿದರು. ಅದಕ್ಕೆ ಅವಲಂಬನೆಗಳೆಂಬುವೇ ಇರಲಿಲ್ಲವೆನ್ನಬಹುದು. ಹತ್ತಿಪ್ಪತ್ತು ಪ್ಯಾಕೇಜುಗಳ ಮೇಲೆ ನಿಂತ ಇಂದಿನ ಕಾರ್ಯಕ್ರಮಕ್ಕೆ ಅಷ್ಟು ಆಯುಸ್ಸನ್ನು ಯಾರೂ ಭರವಸೆ ಕೊಡಲಾರರು. ತಳದ ಪ್ಯಾಕೇಜುಗಳು ಸರಿದು ಮೇಲಿನದು ಬೀಳುವುದನ್ನು ಹಿನ್ಸೆನ್ ತಂತ್ರಾಂಶದ ಕುಸಿತವೆಂದು ಕರೆದಿದ್ದಾರೆ.

ಕಡತವಿದ್ದರೆ ಕುಸಿದುದನ್ನು ಮತ್ತೆ ಕಟ್ಟಲು ನಕ್ಷೆಯಿದ್ದಂತೆ. ಹೊಸ ಯಂತ್ರದಲ್ಲಿ ಹೊಸ ಕೋಣೆ ಮಾಡಿ, ಕಡತವನ್ನು ಪಿಪ್‌ಗೆ ಓದಲು ಕೊಟ್ಟು, ಮುಗಿದ ಬಳಿಕ ತನಿಖೆ ಮಾಡೆಂದು ಹೇಳಿದರೆ, ಯಾವ ಅವಲಂಬನೆಯೂ ಮುರಿದಿಲ್ಲ ಎಂಬ ಒಂದೇ ಸಾಲು ಬರಬೇಕು. ಅದು ಪಟ್ಟಿಗಳ ಸಾಕ್ಷ್ಯ ಮಾತ್ರ. ಆಮೇಲೆ ಉತ್ತರ ಮೊದಲೇ ಗೊತ್ತಿರುವ ಹಳೆಯ ಎಲೆಯ ಚಿತ್ರವೊಂದನ್ನು ಕಾರ್ಯಕ್ರಮಕ್ಕೆ ಕೊಟ್ಟು, ಅಂದು ಬಂದ ಸಂಖ್ಯೆಯೇ ಇಂದೂ ಬರುವುದೇ ಎಂದು ಕೊನೆಯ ಅಂಕೆಯವರೆಗೆ ಹೋಲಿಸಿ ನೋಡುತ್ತಾರೆ.